ಅಕ್ಕನ ಮುಂದೆ ಲೆಕ್ಕದ ಪುಸ್ತಕ ತೆರೆದಿಡಿ
(ಗಂಗಾವತಿಯಲ್ಲಿ ವಿಶ್ವ ಕ್ಯಾನ್ಸರ್ ದಿನದ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇವತ್ತು ಫೆಬ್ರವರಿ 4. ರೋಗದ ಬಗ್ಗೆ ಹೇಳೋಕೆ ಡಾಕ್ಟರ್ ಬಂದಿದ್ದಾರೆ, ನನ್ನ ನಂತರ ಅವರು ಮಾತಾಡುತ್ತಾರೆ. ನನ್ನನ್ನು ಕರೆದಿರುವುದು ರೊಕ್ಕದ ಬಗ್ಗೆ ಮಾತಾಡಲಿ ಅಂತ. ನಾನು ಇಲ್ಲೇ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಕೀಮೋ, ಆಪರೇಷನ್, ಕರೆಂಟ್ (ಅಂದರೆ ರೇಡಿಯೇಷನ್) ಎಲ್ಲಾ ಮುಗಿದು ಈಗ ಮಾತ್ರೆ ನುಂಗುತ್ತಿದ್ದಾಳೆ. ಅವಳ ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟು ಬಂದಿದ್ದೇನೆ. ಉಳಿದದ್ದನ್ನೆಲ್ಲ ಹೇಳು, ಯಾರಿಗಾದರೂ ಉಪಯೋಗ ಆಗ್ಲಿ ಅಂದಿದ್ದಾಳೆ.

ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೊರಟವರನ್ನು ನೋಡಿದ್ದೇನೆ, ಅವರ ಮನೆಯವರ ಜೊತೆ ಮಾತಾಡಿದ್ದೇನೆ. ಕೆಲವರ ಹತ್ತಿರ ನಿಜವಾಗಿಯೂ ರೊಕ್ಕ ಉಳಿದಿರಲಿಲ್ಲ. ಆದರೆ ಇನ್ನು ಕೆಲವರ ಮನೆಯಲ್ಲಿ ದಾರಿ ಇತ್ತು, ಮಾತು ಇರಲಿಲ್ಲ. ಅಣ್ಣ ತಮ್ಮಂದಿರು ಹೊರಗೆ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು. ಒಳಗೆ ಮಲಗಿದ್ದವಳು ಅದನ್ನು ಕೇಳಿಸಿಕೊಂಡು, ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿ, "ನನಗಿನ್ನು ಬೇಡ" ಅಂದುಬಿಡುತ್ತಿದ್ದಳು. ನಾನು ಹೇಳೋಕೆ ಬಂದಿರುವುದು ಇಷ್ಟೇ: ಒಡಹುಟ್ಟಿದವರ ಚಿಕಿತ್ಸೆಗೆ ನಿಂತವರು ಲೆಕ್ಕವನ್ನು ಅವರ ಮುಂದೆಯೇ ಇಡಬೇಕು.

ಮೊದಲು ಕಾರ್ಡ್ ವಿಷಯ. ಬಡವರ ಕ್ಯಾನ್ಸರ್ ಚಿಕಿತ್ಸೆಗೆ ಸರ್ಕಾರ ರೊಕ್ಕ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಶುರುವಾಗಿದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ. ಈಗ ಅದೆಲ್ಲ ಸೇರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಆಗಿದೆ. ಬಿಪಿಎಲ್ ಕಾರ್ಡ್ ಇರುವ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಸರ್ಕಾರ ಕಟ್ಟಿದ ದರದಲ್ಲಿ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ನೇರ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿದರೆ ಕಷ್ಟ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಾಗಿಲಲ್ಲಿ ಮೊದಲು ಅವರನ್ನೇ ಹುಡುಕಿ. ಊರಿನಿಂದ ಕೇಳಬೇಕಾದರೆ 104ಕ್ಕೆ ಫೋನ್ ಮಾಡಿ.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ತೊಡಕು ಇದೆ. ಮದುವೆ ಆಗಿ ಎಷ್ಟೋ ವರ್ಷ ಆಗಿರುತ್ತದೆ, ರೇಷನ್ ಕಾರ್ಡಿನಲ್ಲಿ ಹೆಸರು ಮಾತ್ರ ಇನ್ನೂ ತವರಿನಲ್ಲೇ ಇರುತ್ತದೆ. ಇಲ್ಲಾ ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು. ನಮ್ಮ ಅಕ್ಕನದೂ ಹಾಗೇ ಇತ್ತು. ಗಡ್ಡೆಯ ತುಂಡು ತೆಗೆದು ಪರೀಕ್ಷೆಗೆ ಕಳಿಸಿ ರಿಪೋರ್ಟಿಗೆ ಕಾಯುತ್ತೀರಲ್ಲ, ಆ ದಿನಗಳಲ್ಲೇ ಒಬ್ಬರು ಕೂತು ಇದನ್ನು ನೋಡಿ. ರೋಗ ಬಂದ ಮನೆಯಲ್ಲಿ ಎಲ್ಲರೂ ಅಳುತ್ತಾ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಒಬ್ಬರು ತಹಸೀಲ್ದಾರ್ ಕಚೇರಿಗೆ ಹೋದರೆ ಅದೂ ಚಿಕಿತ್ಸೆಯೇ.

ಇಷ್ಟೆಲ್ಲ ಸರಿಯಾದ ಮೇಲೂ ಮನೆ ಸಾಲಕ್ಕೆ ಬೀಳುತ್ತದೆ. ಯಾಕೆ? ಕಾರ್ಡ್ ಕೆಲಸ ಶುರು ಮಾಡುವುದು ರೋಗ ಇಂಥದ್ದು ಅಂತ ಗೊತ್ತಾದ ಮೇಲೆ. ಅದಕ್ಕೆ ಮುಂಚಿನ ಸ್ಕ್ಯಾನ್, ರಕ್ತ ಪರೀಕ್ಷೆ, ಊರೂರು ಡಾಕ್ಟರ್ ಫೀಸು ಬಹುಪಾಲು ನಮ್ಮ ಕೈಯಿಂದಲೇ ಹೋಗುತ್ತದೆ. ಆಮೇಲೆ ಬಸ್ಸು, ರೂಮು, ಊಟ, ಎಳನೀರು, ಆಟೋ. ಎಲ್ಲಕ್ಕಿಂತ ಜಾಸ್ತಿ, ಬಿಟ್ಟ ಕೂಲಿ. ನಮ್ಮ ಮಾವ, ಅಂದರೆ ಅಕ್ಕನ ಗಂಡ, ರೈಸ್ ಮಿಲ್ಲಿನ ಲಾರಿ ಡ್ರೈವರ್. ಆಸ್ಪತ್ರೆಗೆ ಹೋದ ದಿನ ಟ್ರಿಪ್ಪಿಲ್ಲ, ಟ್ರಿಪ್ಪಿಲ್ಲದ ದಿನ ರೊಕ್ಕ ಇಲ್ಲ. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ನಾನು ಇದನ್ನೂ ಪುಸ್ತಕದಲ್ಲಿ ಬರೆದೆ. ಬರೆದಿದ್ದರಿಂದಲೇ ಅಣ್ಣ ಮತ್ತು ನಾನು ಸರದಿ ಮೇಲೆ ಹೋಗಿ, ಮಾವನ ಲಾರಿ ಟ್ರಿಪ್ಪು ತಪ್ಪದ ಹಾಗೆ ನೋಡಿಕೊಂಡೆವು. ಕೈಯಲ್ಲಿ ರೊಕ್ಕ ಇಲ್ಲದ ತಮ್ಮ ದಿನ ಕೊಡಬಹುದು. ಅದನ್ನು ಯಾರೂ ಕಡಿಮೆ ಅಂತ ನೋಡಬಾರದು.

ಓಡಾಟದ ಖರ್ಚಿಗೆ ದಾರಿ ಇದೆ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿ ಬರೋಕೆ ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿ ಟಿಕೆಟ್ ಪೂರ್ತಿ ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೆ ಅದೇ ಬೋಗಿಗಳಲ್ಲಿ ನೂರಕ್ಕೆ 75ರಷ್ಟು. ಆಸ್ಪತ್ರೆಯಲ್ಲಿ ಅದಕ್ಕೆಂದೇ ಇರುವ ಫಾರಂ ತುಂಬಿಸಿ, ಡಾಕ್ಟರ್ ಸಹಿ, ಸೀಲು ಹಾಕಿಸಿ ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹೋಗಿ ಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಇದೆ, ನಿಜ. ಆದರೆ ಕೀಮೋ ಆದ ಮೈ ಇಡೀ ರಾತ್ರಿ ಕೂತು ಬರೋಕೆ ಒಪ್ಪುವುದಿಲ್ಲ. ಅವಳಿಗೆ ಕಾಲು ಚಾಚಿ ಮಲಗುವ ಜಾಗ ಬೇಕು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ, ಅಲ್ಲಿ ಧರ್ಮಶಾಲೆಯೂ ಇದೆ. ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರ ಇದೆ, ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕೀಮೋ ಸಾಮಾನ್ಯವಾಗಿ ಎರಡು ಮೂರು ವಾರಕ್ಕೊಮ್ಮೆ. ಆದರೆ ಕರೆಂಟ್ ಕೊಡುವುದು ವಾರಕ್ಕೆ ಐದು ದಿನ, ಮೂರರಿಂದ ಐದು ವಾರ ನಡೆಯಬಹುದು. ಕರೆಂಟಿಗೆ ಅಲ್ಲೇ ಉಳಿಯಬೇಕು, ದೊಡ್ಡ ಖರ್ಚು ಬರುವುದೂ ಅಲ್ಲೇ. ಯಾವ ಭಾಗವನ್ನು ಹತ್ತಿರದ ಊರಿನಲ್ಲಿ ಮಾಡಿಸಬಹುದು ಅಂತ ಡಾಕ್ಟರನ್ನು ಮೊದಲ ದಿನವೇ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಹೇಳುತ್ತಾರೆ.

ಈಗ ಸಾಲದ ಮಾತು. ಇದು ನಾನು ದಿನಾ ನೋಡುವ ವ್ಯವಹಾರ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಡೆ ಕೈಗಡ ಅಂದರೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ತಿಂಗಳಿಗೆ. ಲಕ್ಷ ರೂಪಾಯಿಗೆ ವರ್ಷಕ್ಕೆ 36 ಸಾವಿರ ಬಡ್ಡಿಯೇ ಆಯಿತು. ಅದೇ ಬಂಗಾರವನ್ನು ಬ್ಯಾಂಕಿನಲ್ಲಿ ಇಟ್ಟರೆ ಇದರ ಮೂರನೇ ಒಂದು ಪಾಲೂ ಬೀಳುವುದಿಲ್ಲ. ಆದರೂ ಜನ ಕೈಗಡಕ್ಕೇ ಓಡುತ್ತಾರೆ. ಬ್ಯಾಂಕಿಗೆ ಹೋದರೆ ನಾಲ್ಕು ಜನರಿಗೆ ಗೊತ್ತಾಗುತ್ತದೆ ಅನ್ನುವ ಮುಜುಗರ. ಆ ಮುಜುಗರಕ್ಕೆ ವರ್ಷಕ್ಕೆ ಇಪ್ಪತ್ತೈದು ಸಾವಿರ ಜಾಸ್ತಿ ಕಟ್ಟುತ್ತೀರಿ. ಅಕ್ಕನ ಬೋರಮಾಳ ಸರ ಬ್ಯಾಂಕಿಗೆ ಹೋಯಿತು. ಮಾರಲು ನಾನು ಬಿಡಲಿಲ್ಲ. ಗಾಬರಿಯಲ್ಲಿ ಹೊಲ, ಬಂಗಾರ ಮಾರುವವರಿಗೆ ಸರಿಯಾದ ಬೆಲೆ ಸಿಗುವುದಿಲ್ಲ. ಅವಸರ ಇದೆ ಅಂತ ಕೊಳ್ಳುವವನಿಗೆ ಗೊತ್ತಿರುತ್ತದೆ ಅಲ್ವಾ?

ಇನ್ನು ಬೆಳೆ ನಂಬಿ ತೆಗೆದ ಸಾಲ. ಅಣ್ಣ ಮುಂದಿನ ಭತ್ತದ ಮೇಲೆ ದಲಾಲಿ ಅಂಗಡಿಯಲ್ಲಿ ಸ್ವಲ್ಪ ರೊಕ್ಕ ಎತ್ತಿದ್ದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಆ ವಾರ ನೀವ್ಯಾರೂ ಮರೆತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಗೇಟಿನ ಸುದ್ದಿ ಕೇಳಿದವರೆಲ್ಲ ಮೊದಲು ನೋಡಿದ್ದು ಅಕ್ಕನ ಮುಖವನ್ನು. ನೀರು ಹೋದರೆ ಬೆಳೆ ಹೋಯಿತು, ಬೆಳೆ ಹೋದರೆ ಕೀಮೋ ರೊಕ್ಕ ಹೋಯಿತು. ವಾರದೊಳಗೆ ಅದೇ ಹರಿಯುವ ನೀರಿನಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅದನ್ನು ಕೂರಿಸಿದ ಎಂಜಿನಿಯರುಗಳಿಗೆ, ಕೆಲಸಗಾರರಿಗೆ ನಮ್ಮ ಮನೆ ಇವತ್ತಿಗೂ ಕೈ ಮುಗಿಯುತ್ತದೆ. ಆದರೆ ಎಲ್ಲಾ ವರ್ಷ ಹಾಗೆ ಆಗುವುದಿಲ್ಲ. ಚಿಕಿತ್ಸೆಯ ರೊಕ್ಕಕ್ಕೆ ಇನ್ನೂ ಕೊಯ್ಯದ ಬೆಳೆಯೊಂದನ್ನೇ ನಂಬಬೇಡಿ.

ಅಣ್ಣನ ಹೆಂಡತಿ, ತಮ್ಮನ ಹೆಂಡತಿ ಇವರಿಗೆ ಹೇಳದೆ ಅಕ್ಕನಿಗೆ ರೊಕ್ಕ ಕೊಡುವವರು ಇಲ್ಲಿ ಇರಬಹುದು. ದಯವಿಟ್ಟು ಬೇಡ. ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಗ ಮಾತು ಬೀಳುವುದು ರೋಗಿಯ ಮೇಲೆ. ನಮ್ಮ ಅತ್ತಿಗೆಗೆ ಮೊದಲ ದಿನವೇ ಪುಸ್ತಕ ತೋರಿಸಿದೆವು. ಅವರು ಒಂದೇ ಒಂದು ಕೇಳಿದರು: ಮಗನ ಪಿಯುಸಿ ಫೀಸು ಮುಟ್ಟಬಾರದು. ಮುಟ್ಟಲಿಲ್ಲ. ಆಮೇಲೆ ಅಕ್ಕನಿಗೆ ಬಾಯಿ ಹುಣ್ಣಾಗಿ ರೊಟ್ಟಿ ನುಂಗೋಕೆ ಆಗದಿದ್ದಾಗ ಜೋಳದ ನುಚ್ಚು ಬೇಯಿಸಿ, ಆರಿಸಿ, ಮಜ್ಜಿಗೆ ಕಲಸಿ ತಿನ್ನಿಸಿದವರು ಅವರೇ. ಮಾವನ ಮರ್ಯಾದೆಯೂ ಅಷ್ಟೇ ಮುಖ್ಯ. ತವರಿನವರು ರೊಕ್ಕ ಹಾಕುತ್ತಾರೆ ಅಂತ ಗಂಡನನ್ನು ಮೂಲೆಗೆ ತಳ್ಳಬಾರದು. ಆಸ್ಪತ್ರೆಯಲ್ಲಿ ಸಹಿ ಅವರೇ ಹಾಕಲಿ, ಡಾಕ್ಟರ್ ಹತ್ತಿರ ಅವರೇ ಮಾತಾಡಲಿ.

ಅಕ್ಕ ಸಾಕು ಅಂದ ದಿನದ ಬಗ್ಗೆ ಹೇಳುತ್ತೇನೆ. ಮೂರನೇ ಕೀಮೋ ಆಗಿತ್ತು, ಆ ಕೆಂಪು ಔಷಧಿ. ಕೂದಲು ಪೂರ್ತಿ ಹೋಗಿತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. "ಸಾಕು ಬಿಡೋ ತಮ್ಮ. ನನ್ನ ಸಲುವಾಗಿ ಎರಡೂ ಮನಿ ಮುಳುಗೋದು ಬ್ಯಾಡ" ಅಂದಳು. ಎಷ್ಟು ಸಾಲ ಆಗಿದೆ ಅಂದುಕೊಂಡಿದ್ದೀ ಅಂತ ಕೇಳಿದೆ. "ಐದು ಲಕ್ಷ. ನೀ ಫೋನಿನ್ಯಾಗ ಹೇಳಿದ್ದು ಕೇಳೀನಿ" ಅಂದಳು. ನಾನು ಫೋನಿನಲ್ಲಿ ಹೇಳಿದ್ದು ಕಾರ್ಡಿನ 5 ಲಕ್ಷದ ಮಿತಿಯ ಬಗ್ಗೆ! ಅವಳು ಅದನ್ನು ಸಾಲ ಅಂದುಕೊಂಡು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದಳು. ಪುಸ್ತಕ ತಂದು ಅವಳ ಮಡಿಲಲ್ಲಿ ಇಟ್ಟೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಿಜವಾದ ಸಾಲ ತೊಂಬತ್ತು ಸಾವಿರ. ಬೆರಳು ಇಟ್ಟು ಒಂದೊಂದೇ ಸಾಲು ಓದಿದಳು, ಏಳನೇ ಕ್ಲಾಸಿನವರೆಗೆ ಓದಿದವಳು. ಒಂದು ಕಡೆ ಬೆರಳು ನಿಂತಿತು. "ಆಟೋಕ್ಕ ಇಷ್ಟ್ಯಾಕ ಕೊಟ್ಟಿ?" ಅಂದಳು. ಸ್ಟೇಷನ್ನಿನಿಂದ ಆಸ್ಪತ್ರೆಗೆ ಸಿಟಿ ಬಸ್ಸು ಫ್ರೀ ಇರುವಾಗ ಮೈ ಚೆನ್ನಾಗಿದ್ದ ದಿನ ಆಟೋ ಯಾಕೆ ಅಂತ ನನಗೆ ಜೋರು ಮಾಡಿದಳು. ಮುಂದಿನ ಕೀಮೋಗೆ ಹೋದಳು. ಅಲ್ಲಿಂದ ಮುಂದೆ ಪುಸ್ತಕ ಬರೆದವಳು ಅವಳೇ.

ರೋಗಿಗೆ ರೊಕ್ಕದ ಚಿಂತೆ ಹಚ್ಚಬಾರದು ಅಂತ ಹಿರಿಯರು ಹೇಳುತ್ತಾರೆ. ಅದು ಪ್ರೀತಿಯಿಂದ ಹೇಳುವ ಮಾತು, ಗೊತ್ತು. ಆದರೆ ಚಿಂತೆ ಆಗಲೇ ಹತ್ತಿರುತ್ತದೆ. ನಾವು ಮುಚ್ಚಿಟ್ಟಷ್ಟೂ ಅವರ ಮನಸ್ಸಿನಲ್ಲಿ ಸಾಲ ಬೆಳೆಯುತ್ತದೆ. ತೀರಾ ಸುಸ್ತಾಗಿದ್ದಾಗ, ವಾಂತಿ ಆಗುತ್ತಿದ್ದಾಗ ತೋರಿಸಬೇಡಿ. ಒಂದಷ್ಟು ಚೇತರಿಸಿಕೊಂಡ ದಿನ ತೋರಿಸಿ.

ಒಂದು ಎಚ್ಚರಿಕೆ, ಇದರಲ್ಲಿ ರೊಕ್ಕಕ್ಕಿಂತ ಜೀವದ ಮಾತಿದೆ. ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿಯುತ್ತವೆ. ಎರಡನೇ ವಾರದ ಹೊತ್ತಿಗೆ ತುಂಬಾ ಕಡಿಮೆ ಇರುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಫೈಲ್ ಹಿಡಿದು ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಹೋಗಿ, ಕೀಮೋ ನಡೀತಿದೆ ಅಂತ ಮೊದಲೇ ಹೇಳಿ. ಆ ರಾತ್ರಿಗೆ ಅಂತ ಸ್ವಲ್ಪ ರೊಕ್ಕ ಬೇರೆ ಇಟ್ಟಿರಬೇಕು, ಯಾವ ಕಾರಣಕ್ಕೂ ಅದನ್ನು ಮುಟ್ಟಬಾರದು. ಒಂದು ಥರ್ಮಾಮೀಟರ್ ಮನೆಯಲ್ಲಿರಲಿ.

ರೊಕ್ಕ ಕೂಡಿಸೋಕೆ ಅಂತ ರೋಗಿಯ ಬೋಳು ತಲೆಯ ಫೋಟೋ ವಾಟ್ಸ್ಯಾಪಿನಲ್ಲಿ ಹಾಕುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವರನ್ನು ಕೇಳಿದಿರಾ? ಕೇಳಿ, ಅವರು ಒಪ್ಪಿದರೆ ಮಾತ್ರ ಹಾಕಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು, ಪ್ರಧಾನಿ ಪರಿಹಾರ ನಿಧಿಗೂ ಹಾಕಬಹುದು. ಅದಕ್ಕೆ ಅಂಥ ಫೋಟೋ ಬೇಕಿಲ್ಲ, ಆಸ್ಪತ್ರೆಯ ಕಾಗದಪತ್ರಗಳು ಬೇಕು. ಒಂದು ಚೀಟಿಯನ್ನೂ ಎಸೆಯಬೇಡಿ. ನಿಮ್ಮನ್ನೇ ನಂಬಿಕೊಂಡಿರುವ ತಂಗಿಗೋ ತಮ್ಮನಿಗೋ ನೀವೇ ಚಿಕಿತ್ಸೆ ಕೊಡಿಸುತ್ತಿದ್ದರೆ, ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ನೌಕರರಿಗೆ 40 ಸಾವಿರದವರೆಗೆ ವಿನಾಯಿತಿಯೂ ಇದೆ. ತಜ್ಞ ಡಾಕ್ಟರ ಚೀಟಿ ಇರಬೇಕು.

ಇನ್ನು ನಾಟಿ ಔಷಧಿ ಹೇಳುವವರು ಬಂದೇ ಬರುತ್ತಾರೆ. ನಮ್ಮ ಮನೆಗೂ ಬಂದರು. ಕೀಮೋ ಬಿಡಿಸಿ ಪುಡಿ ಕೊಡುತ್ತೇನೆ ಅಂದವನು ಪುಡಿಗೆ ಕೇಳಿದ್ದು ನಮ್ಮ ಹಲವು ಸಲದ ಓಡಾಟದ ಖರ್ಚಿಗಿಂತ ಜಾಸ್ತಿ. ಮಾವ ಚಹಾ ಕೊಟ್ಟು ಕಳಿಸಿದರು.

ಈಗ ಅಕ್ಕ ದಿನಾ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಾಳೆ. ಕಡಿಮೆ ಎಂದರೂ ಐದು ವರ್ಷ ನುಂಗಬೇಕು. ಅದು ಅಗ್ಗದ ಮಾತ್ರೆ, ಜನೌಷಧಿ ಅಂಗಡಿಯಲ್ಲೂ ಕೇಳಿ ನೋಡಿ. ಅಗ್ಗ ಅಂತ, ಮೈ ಚೆನ್ನಾಗಿದೆ ಅಂತ ನಡುವೆ ಬಿಡುವವರಿದ್ದಾರೆ, ಬಿಡಬೇಡಿ. ತಪಾಸಣೆಗೆ ಕರೆದ ದಿನ ತಪ್ಪದೆ ಹೋಗಬೇಕು. ಬೋರಮಾಳ ಇನ್ನೂ ಬ್ಯಾಂಕಿನಲ್ಲೇ ಇದೆ, ಈ ಸುಗ್ಗಿಗೆ ಬಿಡಿಸುವ ಯೋಚನೆ ಇದೆ. ಪುಸ್ತಕದ ಬಲಗಡೆ ಈಗ ತಿಂಗಳಿಗೆ ಎರಡು ಮೂರು ಸಾಲು ಅಷ್ಟೇ.

ನನ್ನ ಮಾತು ಇಷ್ಟು. ರೈಲಿನ ಫಾರಂ, ಪರಿಹಾರ ನಿಧಿ ಅರ್ಜಿಯ ಪ್ರತಿ ಈ ಫೈಲಿನಲ್ಲಿವೆ. ಡಾಕ್ಟರ್ ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಆ ಬೆಂಚಿನಲ್ಲಿ ಕೂತಿರುತ್ತೇನೆ. ರೇಷನ್ ಕಾರ್ಡ್, ಆಧಾರ್ ತಂದಿರುವವರು ಅಲ್ಲಿಗೆ ಬನ್ನಿ, ಹೆಸರು ಸರಿ ಇದೆಯಾ ಅಂತ ಒಟ್ಟಿಗೆ ನೋಡೋಣ.