ಮೊದಲು ಒಂದು ವಿಳಾಸದ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಸ್ವಂತ ಖರ್ಚಿನಲ್ಲಿ ಕವನ ಸಂಕಲನದ 500 ಪ್ರತಿ ಅಚ್ಚು ಹಾಕಿಸಿ, 100 ಹಂಚಿ, ಉಳಿದ 400ನ್ನು ಮಂಚದ ಕೆಳಗಿಟ್ಟು ಕೂತವರಿಗೆ ಈ ಮಾತು. ಚಿತ್ರ ಬರೆಯುವವರಿಗೆ, ಹಾಡುವವರಿಗೆ, ನಾಟಕ ಆಡಿಸುವವರಿಗೆ, ಮಣ್ಣಿನಲ್ಲೋ ಮರದಲ್ಲೋ ಕೆಲಸ ಮಾಡುವವರಿಗೂ ಸಲ್ಲುತ್ತದೆ. "ಫೇಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ನಮ್ಮನ್ನು ಯಾರು ಕೇಳುತ್ತಾರೆ?" ಅನ್ನುತ್ತೀರಿ. ಕೇಳುವವರು ಇದ್ದಾರೆ. ಅವರ ಹೆಸರನ್ನು ನೀವು ಬರೆದಿಟ್ಟುಕೊಂಡಿಲ್ಲ, ಅಷ್ಟೇ.

ಇವತ್ತು ನಾನು ಹೇಳುವುದು ಒಂದೇ ವಿಷಯ. ವಿಳಾಸದ ಪುಸ್ತಕ ಇಡಿ. ನಿಮ್ಮ ಕೆಲಸವನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡವರ, ನಿಂತು ನೋಡಿದವರ, ಕೇಳಿ ಮೆಚ್ಚಿದವರ ಹೆಸರು, ಊರು, ಪಿನ್‌ಕೋಡು, ಫೋನು. ಮೊಬೈಲಿನ ಜಾಲತಾಣದಲ್ಲಿ ಸಾವಿರ ಸ್ನೇಹಿತರಿದ್ದರೂ ನಿಮ್ಮ ಸುದ್ದಿ ಅವರಲ್ಲಿ ಎಷ್ಟು ಜನರ ಕಣ್ಣಿಗೆ ಬೀಳಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಕಂಪನಿ. ಪುಸ್ತಕದಲ್ಲಿ ಬರೆದ ವಿಳಾಸ ನಿಮ್ಮದು.

ಕಾದಂಬರಿಕಾರ ಗಳಗನಾಥರ ಹೆಸರು ಕೇಳಿರುತ್ತೀರಿ. ವೆಂಕಟೇಶ ತಿರಕೊ ಕುಲಕರ್ಣಿ, 1869ರಲ್ಲಿ ಹುಟ್ಟಿದವರು, ಹಾವೇರಿ ಸೀಮೆಯ ಗಳಗನಾಥ ಗ್ರಾಮದವರು. ಆ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದು ಬಲ್ಲವರ ಮನೆಗಳಲ್ಲಿ ಮರಾಠಿಯದೇ ಜೋರು. ಕನ್ನಡದ ಕಾದಂಬರಿ ಬರೆದರೆ ಕೊಳ್ಳುವವರು ಎಲ್ಲಿದ್ದಾರೆ ಅಂತ ಹೇಳುವ ಅಂಗಡಿಯಿಲ್ಲ, ವಿತರಕರಿಲ್ಲ. ಅವರು ಶಾಲೆಯ ಮಾಸ್ತರಿಕೆ ಮಾಡಿದವರು, 1907ರಲ್ಲಿ ಅಗಡಿಯ ಆನಂದವನ ಆಶ್ರಮದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ನಡೆಸಿದವರು. ಅಷ್ಟು ದೊಡ್ಡ ಬರಹಗಾರರು ತಮ್ಮ ಪುಸ್ತಕಗಳ ಹೊರೆ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಮಾತು ಬಂದಾಗಲೆಲ್ಲ ನಮ್ಮಲ್ಲಿ "ಪಾಪ, ಎಷ್ಟು ಕಷ್ಟಪಟ್ಟರು" ಎಂದು ಮರುಗಿ ಮುಂದಕ್ಕೆ ಹೋಗುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಕಷ್ಟ ಹೌದು, ಆದರೆ ಅದರಲ್ಲಿ ದೊಡ್ಡ ವಿದ್ಯೆಯೂ ಇದೆ. ಹೊರೆ ಹೊತ್ತು ಬಾಗಿಲಿಗೆ ಹೋದವನಿಗೆ ಅಂಗಡಿಯವನಿಗೆ ಎಂದೂ ತಿಳಿಯದ ಸಂಗತಿಗಳು ತಿಳಿಯುತ್ತವೆ. ಯಾವ ಊರಿನಲ್ಲಿ ಯಾರ ಮನೆಯಲ್ಲಿ ಓದು ಇದೆ, ಮನೆಯಲ್ಲಿ ಓದುವವರು ಯಾರು, ಒಬ್ಬರು ಓದಿ ಹತ್ತು ಜನಕ್ಕೆ ಕೇಳಿಸುತ್ತಾರೋ, ಕೊಂಡು ಗೂಡಿನಲ್ಲಿ ಇಡುತ್ತಾರೋ. ಮುಂದಿನ ಪುಸ್ತಕ ಬಂದಾಗ ಯಾವ ಬಾಗಿಲಿಗೆ ಹೋಗಬೇಕು ಅನ್ನುವುದು ಕಾಲಿಗೇ ಗೊತ್ತಿರುತ್ತದೆ. ಕನ್ನಡ ಓದುವ ಜನ ಇದ್ದಾರೆಯೇ ಎಂದು ಅವರು ಕಾದು ಕೂರಲಿಲ್ಲ. ಆ ಜನವನ್ನು ಒಬ್ಬೊಬ್ಬರನ್ನಾಗಿ ಕಂಡು ಬಂದರು. ನಿಮಗೆ ಹೊರೆ ಹೊರುವ ಕೆಲಸವಿಲ್ಲ. ಅಂಚೆಯಿದೆ, ಫೋನಿದೆ. ಬೇಕಾದದ್ದು ಬಾಗಿಲುಗಳ ಪಟ್ಟಿ.

ಪಟ್ಟಿ ಮಾಡುವುದು ಹೇಗೆ? 200 ಪುಟದ ಉದ್ದನೆಯ ಲೆಕ್ಕದ ಪುಸ್ತಕ ತನ್ನಿ. ಹೆಸರಿನ ಅಕಾರಾದಿಯಲ್ಲಿ ಬರೆಯಬೇಡಿ, ಊರಿನ ಪ್ರಕಾರ ಬರೆಯಿರಿ. ಶಿರಸಿಗೆ ಹತ್ತು ಪುಟ, ಗದಗಕ್ಕೆ ಹತ್ತು ಪುಟ. ಯಾಕೆಂದರೆ ನಾಳೆ ಗದಗದಲ್ಲಿ ಕಾರ್ಯಕ್ರಮವಾದರೆ ನಿಮಗೆ ಬೇಕಾದದ್ದು ಗದಗದವರು. ಒಬ್ಬೊಬ್ಬರಿಗೆ ನಾಲ್ಕು ಸಾಲು ಜಾಗ ಬಿಡಿ. ಕೊನೆಯ ಸಾಲಿನಲ್ಲಿ ಅವರು ಆಡಿದ ಮಾತು ಬರೆಯಿರಿ: "ಅಮ್ಮನ ಕವಿತೆ ಇಷ್ಟವಾಯಿತು", "ನಡುಮನೆಯ ಗೋಡೆಗೆ ಎರಡಡಿ ಚಿತ್ರ ಬೇಕು". ಮುಂದೆ ಕಾಗದ ಬರೆಯುವಾಗ ಇದೇ ನಿಮ್ಮ ಮೊದಲ ವಾಕ್ಯವಾಗುತ್ತದೆ.

ಪುಸ್ತಕ ಬಿಡುಗಡೆಯ ದಿನ ಬಾಗಿಲ ಬಳಿ ಮೇಜಿನ ಮೇಲೆ ವಿಳಾಸದ ಪುಸ್ತಕ ತೆರೆದಿಟ್ಟರೆ ಸಾಲದು. ಜನ ಗೀಚಿ ಹೋಗುತ್ತಾರೆ. ಅಕ್ಷರ ತಿಳಿಯುವುದಿಲ್ಲ, ಪಿನ್‌ಕೋಡಿನಲ್ಲಿ ಐದೇ ಅಂಕಿ, ಮನೆ ನಂಬರಿಲ್ಲ. ಆ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದ ಕಾರ್ಡು ವಾಪಸು ಬರುತ್ತದೆ. ಅಲ್ಲಿ ಒಬ್ಬರನ್ನು ಕೂರಿಸಿ. ಅವರಿಗೆ ಬೇರೆ ಕೆಲಸ ಹೇಳಬೇಡಿ, ಪುಸ್ತಕ ಮಾರುವುದನ್ನೂ ಹೇಳಬೇಡಿ. ಅವರೇ ಕೇಳಿ ಬರೆಯಲಿ, ಬರೆದದ್ದನ್ನು ಓದಿ ಹೇಳಲಿ. ಮತ್ತೆ ಒಂದು ಮಾತು ಕೇಳಲೇಬೇಕು: "ಮುಂದಿನ ಕೆಲಸ ಆದಾಗ ತಿಳಿಸಬಹುದಾ?" ಬೇಡ ಅಂದವರ ಹೆಸರು ಬರೆಯಬೇಡಿ. ಬೇರೆಯವರ ಪಟ್ಟಿಯಿಂದ ನಕಲು ಮಾಡಿದ 500 ಹೆಸರಿಗಿಂತ ಹೂಂ ಅಂದ 60 ಹೆಸರು ವಾಸಿ.

ಈಗ ಈ ಹೆಸರುಗಳಿಗೆ ಅಂಚೆಯಲ್ಲಿ ಕಳಿಸುವ ಕಾರ್ಡು. 6 ಇಂಚು ಉದ್ದ, 4 ಇಂಚು ಅಗಲ, ಕಾಗದದ ದಪ್ಪ 300 ಜಿಎಸ್ಎಂ, ಪ್ರೆಸ್ಸಿನವರಿಗೆ ಹಾಗೆಂದರೆ ತಿಳಿಯುತ್ತದೆ. ಒಂದು ಬದಿ ನಿಮ್ಮ ಚಿತ್ರ ಅಥವಾ ಒಂದೇ ಕವಿತೆ. ಇನ್ನೊಂದು ಬದಿ ಖಾಲಿ, ಬಲಗಡೆ ವಿಳಾಸಕ್ಕೆ ಜಾಗ. ಪ್ರೆಸ್ಸಿನವರು ಚೆಂದ ಕಾಣುತ್ತದೆಂದು ಎರಡೂ ಬದಿಗೆ ಲ್ಯಾಮಿನೇಷನ್ ಹಾಕುತ್ತೇನೆ ಅನ್ನುತ್ತಾರೆ. ಬೇಡ ಅನ್ನಿ. ಬರೆಯುವ ಬದಿ ನುಣ್ಣಗಿದ್ದರೆ ಪೆನ್ನಿನ ಶಾಯಿ ಹಿಡಿಯುವುದಿಲ್ಲ, ಒರೆಸಿ ಹೋಗುತ್ತದೆ. ಚಿತ್ರದ ಕಡತ 1800ಕ್ಕೆ 1200 ಪಿಕ್ಸೆಲ್ ಆದರೂ ಇರಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಕೊಟ್ಟರೆ ಮಸುಕಾಗುತ್ತದೆ. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಅಚ್ಚಿನಲ್ಲಿ ಮಂಕಾಗುತ್ತವೆ. ಹಾಗಾಗಿ ಮೊದಲು ಒಂದೇ ಹಾಳೆ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ. ಅಚ್ಚು ಹಾಕಿದ ಕಾರ್ಡಿಗೂ ಕೈಯಲ್ಲಿ ಬರೆದ ಕಾರ್ಡಿಗೂ ಅಂಚೆ ದರ ಬೇರೆ. ಒಂದು ಕಾರ್ಡು ಹಿಡಿದು ಹೋಗಿ ಅಂಚೆ ಕಚೇರಿಯಲ್ಲಿ ಕೇಳಿ, ಆಮೇಲೆ ಸ್ಟಾಂಪು ಕೊಳ್ಳಿ.

ಕಾರ್ಡಿನಲ್ಲಿ ಎರಡು ಸಾಲು ನಿಮ್ಮ ಕೈಬರಹ ಇರಲೇಬೇಕು. ಕಾರ್ಯಕ್ರಮಕ್ಕೆ 15 ದಿನ ಮೊದಲು ಅಂಚೆಗೆ ಹಾಕಿ, ಎರಡು ದಿನ ಮೊದಲು ಫೋನು ಮಾಡಿ. ವರ್ಷಕ್ಕೆ ಮೂರು ಕಾರ್ಡು ಸಾಕು. ಅದರಲ್ಲಿ ಒಂದು, ಏನನ್ನೂ ಮಾರದ ಕಾರ್ಡು. ಯುಗಾದಿಗೋ ದೀಪಾವಳಿಗೋ ಒಂದು ಹೊಸ ಕವಿತೆ, ಅಷ್ಟೇ. ಇದನ್ನು ಬಿಟ್ಟವರ ಮುಂದಿನ ಕಾಗದವನ್ನು ಜನ ಓದದೆ ಪಕ್ಕಕ್ಕಿಡುತ್ತಾರೆ.

ಗಳಗನಾಥರ ವಿಷಯಕ್ಕೇ ಹೆಚ್ಚು ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಜಿ.ಬಿ. ಜೋಶಿಯವರು ಅದನ್ನು ಚಂದಾದಾರರ ಮೇಲೆ ನಿಲ್ಲಿಸಿದರು. ಚಂದಾದಾರರೆಂದರೆ ಇದೇ ವಿಳಾಸದ ಪುಸ್ತಕ. ನೀವೂ ಪ್ರಕಟಣಪೂರ್ವ ರಿಯಾಯಿತಿ ಕೊಡಿ: 200 ರೂಪಾಯಿಯ ಪುಸ್ತಕ, ಇಂಥ ತಾರೀಖಿನೊಳಗೆ ಕಳಿಸಿದರೆ ಅಂಚೆ ವೆಚ್ಚ ಸೇರಿ 150. ಅಂಚೆ ವೆಚ್ಚವನ್ನು ಮೊದಲೇ ತೂಗಿಸಿ ನೋಡಿ. ಎರಡನೇ ಕರಡು ತಿದ್ದಿ ಮುಗಿಯುವ ತನಕ ಹಣ ಕೇಳಬೇಡಿ. ಹಣ ಪಡೆದು ಆರು ತಿಂಗಳು ತಡವಾದರೆ ಆ ಹೆಸರುಗಳನ್ನೆಲ್ಲ ಕಳೆದುಕೊಳ್ಳುತ್ತೀರಿ. ಬಂದ ಹಣದ ಮೇಲೆ ಪ್ರತಿಗಳ ಲೆಕ್ಕ ಹಾಕಿ. 120 ಜನ ಕಳಿಸಿದರೆ 250 ಅಚ್ಚು ಹಾಕಿಸಿ, 1000 ಬೇಡ.

ಚಿತ್ರ ಬರೆಯುವವರಿಗೆ: ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಅಲ್ಲಿ ಚಿತ್ರದ ಮುಂದೆ ಹತ್ತು ನಿಮಿಷ ನಿಂತು ಕೊಳ್ಳದೆ ಹೋಗುವವರನ್ನು ಬಿಟ್ಟುಬಿಡಬೇಡಿ. ಅವರು ಮನೆಗೆ ಹೋಗಿ ಗೋಡೆ ಅಳೆಯಬೇಕಾಗಿರುತ್ತದೆ. ಹೆಸರು ಬರೆದುಕೊಂಡು ಹತ್ತು ದಿನದೊಳಗೆ ಫೋನು ಮಾಡಿ. ಪತ್ರಿಕೆಗಳಲ್ಲಿ ಬಂದ ಹೊಸ ಪುಸ್ತಕಗಳ ವಿವರ ಹಾಕುವ 'ಸಾದರ ಸ್ವೀಕಾರ' ಅಂಕಣಕ್ಕೆ ಪುಸ್ತಕ ಕಳಿಸುವಾಗ ಒಳಗೆ ಒಂದು ಚೀಟಿ ಇಡಿ: ಪುಟ, ಬೆಲೆ, ಪ್ರತಿ ಸಿಗುವ ವಿಳಾಸ, ಫೋನು. ಫೋನಿನ ನಂಬರು ಅಚ್ಚಾಗದಿದ್ದರೆ ಆ ಪ್ರಚಾರದಿಂದ ನಿಮ್ಮ ವಿಳಾಸದ ಪುಸ್ತಕಕ್ಕೆ ಒಂದು ಹೆಸರೂ ಸೇರುವುದಿಲ್ಲ. ಆ ನಂಬರಿಗೆ ಯಾರು ಕರೆ ಮಾಡಿದರೂ ಮೊದಲು ಊರು ಕೇಳಿ, ಆ ಊರಿನ ಪುಟ ತೆಗೆದು ಆಗಲೇ ಬರೆದುಕೊಳ್ಳಿ. ನಮಸ್ಕಾರ.