ಐರನ್‌ಗಿಂತ ಮೊದಲು ಬೆಸುಗೆಯ ತಂತಿಯನ್ನು ನೋಡಿ

ನಮಸ್ಕಾರ. ಎಲೆಕ್ಟ್ರಾನಿಕ್ಸನ್ನು ಹವ್ಯಾಸವಾಗಿ ಕಲಿಯಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಕಡಿಮೆ ಬೆಲೆಗೆ ಯಾವ ಸೋಲ್ಡರಿಂಗ್ ಐರನ್ (ಬೆಸುಗೆಯ ತಂತಿಯನ್ನು ಕರಗಿಸುವ ಉಪಕರಣ) ಕೊಳ್ಳಬೇಕು ಎಂಬುದು. ಹಣ ಉಳಿಸಲೇಬೇಕಾದರೆ ಐರನ್‌ನಲ್ಲಿ ಉಳಿಸಿ, ಬೆಸುಗೆಯ ತಂತಿಯಲ್ಲಿ ಮಾತ್ರ ಉಳಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂತರ್ಜಾಲದಲ್ಲಿ ಹತ್ತಾರು ಸಾಮಾನು ತುಂಬಿ ಬರುವ ಅಗ್ಗದ ಕಿಟ್‌ಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಕಳಪೆಯಾಗಿರುವುದು ಸಾಮಾನ್ಯವಾಗಿ ಆ ಪುಟ್ಟ ಕೊಳವೆಯಲ್ಲಿ ಸುತ್ತಿಟ್ಟ ತಂತಿಯೇ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನಿಂತು, ಬೆಸುಗೆಯ ತಂತಿಗೆ ಬರೀ ‘ಲೆಡ್ ಕೊಡಿ’ ಎಂದು ಕೇಳಿದರೆ ಕೈಗೆ ಸಿಕ್ಕ ರೀಲನ್ನು ಕೊಟ್ಟು ಕಳುಹಿಸಿಯಾರು. ನೋಡಲು ಒಂದೇ ತೆರನಾದ ಎರಡು ರೀಲ್‌ಗಳ ಬೆಲೆಯಲ್ಲಿ ಬಹಳ ಅಂತರವಿದ್ದರೆ ಅದಕ್ಕೆ ಕಾರಣವಿರುತ್ತದೆ: ತವರ ಸೀಸಕ್ಕಿಂತ ಹಲವು ಪಟ್ಟು ದುಬಾರಿಯಾದ ಲೋಹ, ಆದ್ದರಿಂದ ತಂತಿ ಅಗ್ಗವಾಗಬೇಕಾದರೆ ತವರದ ಪಾಲನ್ನು ಕಡಿಮೆ ಮಾಡುವುದೇ ಸುಲಭದ ದಾರಿ. ನೂರಕ್ಕೆ 63 ಪಾಲು ತವರ, 37 ಪಾಲು ಸೀಸ ಇರುವ ಮಿಶ್ರಲೋಹ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗಿ, ಅದೇ ಉಷ್ಣತೆಯಲ್ಲಿ ಒಮ್ಮೆಗೇ ಗಟ್ಟಿಯಾಗುತ್ತದೆ. 60 ಪಾಲು ತವರದ 60/40 ತಂತಿಯಲ್ಲಿ ಕರಗತೊಡಗುವ ಮತ್ತು ಪೂರ್ತಿ ದ್ರವವಾಗುವ ಉಷ್ಣತೆಗಳ ನಡುವೆ ಕೆಲವೇ ಡಿಗ್ರಿಗಳ ವ್ಯತ್ಯಾಸವಿದ್ದು, ಅದೂ ಬಳಕೆಗೆ ಯೋಗ್ಯವೇ. ಆದರೆ 40 ಪಾಲು ಮಾತ್ರ ತವರವಿರುವ ತಂತಿ 183 ಡಿಗ್ರಿಯಲ್ಲಿ ಮೆತ್ತಗಾಗಲು ಶುರುವಾಗಿ, ಪೂರ್ತಿ ದ್ರವವಾಗಲು ಸುಮಾರು 238 ಡಿಗ್ರಿಯವರೆಗೆ ಕಾಯಬೇಕಾಗುತ್ತದೆ. ಆ ನಡುವಿನ ಅಂತರದಲ್ಲಿ ಅದು ಗಂಜಿಯಂಥ ಸ್ಥಿತಿಯಲ್ಲಿರುವಾಗ ಕೈ ಕೊಂಚ ಅಲುಗಿದರೂ ಜೋಡಣೆ ಒಳಗೇ ಬಿರುಕು ಬಿಡುತ್ತದೆ. ಕಲಿಯುವವರು ತಮ್ಮ ಕೈಯನ್ನೋ ಐರನ್ನನ್ನೋ ದೂರುತ್ತಾರೆ, ತಂತಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ವ್ಯತ್ಯಾಸವನ್ನು ಕಣ್ಣಾರೆ ನೋಡಬಹುದು. ಐರನ್ನಿನ ತುದಿಯನ್ನು ಪಿಸಿಬಿಯ (ಸರ್ಕ್ಯೂಟ್ ಹಲಗೆಯ) ತಾಮ್ರದ ವೃತ್ತಕ್ಕೂ ರೆಸಿಸ್ಟರ್‌ನ ಕಾಲಿಗೂ ಒಟ್ಟಿಗೆ ತಾಗುವಂತೆ ಹಿಡಿದು, ಒಂದು ಕ್ಷಣ ಬಿಟ್ಟು, ಎದುರು ಬದಿಯಿಂದ ತಂತಿಯನ್ನು ತಾಗಿಸಿ. ಒಳ್ಳೆಯ ಬೆಸುಗೆಯಾದರೆ ಕಾಲಿನ ಸುತ್ತ ಹರಿದು, ಅಂಚು ತೆಳ್ಳಗಾಗುತ್ತ ವೃತ್ತವನ್ನು ತುಂಬಿ, ಮೇಲ್ಮೈ ಹೊಳೆಯುತ್ತದೆ. ಕಳಪೆಯದಾದರೆ ತಾವರೆ ಎಲೆಯ ಮೇಲಿನ ನೀರಿನಂತೆ ಉಂಡೆಯಾಗಿ ನಿಂತು, ಆರಿದ ಮೇಲೆ ಬೂದು ಬಣ್ಣಕ್ಕೆ ತಿರುಗಿ ತರಿತರಿಯಾಗಿ ಕಾಣುತ್ತದೆ. ಹೀಗಾಗಿ 63/37 ಅಥವಾ 60/40 ಎಂದು ಸ್ಪಷ್ಟವಾಗಿ ಮುದ್ರಿಸಿರುವ, ಒಳಗೆ ರೋಸಿನ್ ಫ್ಲಕ್ಸ್ (ಲೋಹದ ಮೇಲ್ಮೈಯನ್ನು ಶುಚಿಗೊಳಿಸಿ ಬೆಸುಗೆ ಹರಿಯಲು ನೆರವಾಗುವ ಮರದ ರಾಳ) ಇರುವ, 22 ಗೇಜಿನ ತಂತಿಯನ್ನೇ, ಅಂದರೆ ಸುಮಾರು 0.7 ಮಿಲಿಮೀಟರ್ ದಪ್ಪದ್ದನ್ನೇ, ಹೆಸರಿರುವ ತಯಾರಕರಿಂದ ಕೊಳ್ಳಿ. ಸೀಸರಹಿತ ತಂತಿ ಕರಗಲು 220 ಡಿಗ್ರಿಯ ಆಸುಪಾಸಿನ ಉಷ್ಣತೆ ಬೇಕಾಗುವುದರಿಂದ ಮೊದಲ ಕಲಿಕೆಗೆ ಅದು ಕಷ್ಟ. ಇನ್ನು ಫ್ಲಕ್ಸ್ ಬೇರೆಯಾಗಿ ಕೊಳ್ಳುವಾಗ ರೋಸಿನ್ ಆಧಾರಿತವಾದುದನ್ನೇ ಕೇಳಿ ಪಡೆಯಿರಿ. ತಗಡು ಮತ್ತು ಪೈಪಿನ ಕೆಲಸಕ್ಕೆಂದು ಮಾಡಿದ ಆಮ್ಲೀಯ ಪೇಸ್ಟ್ ಬಳಸಿದರೆ ಅದು ಸರ್ಕ್ಯೂಟನ್ನು ದಿನೇ ದಿನೇ ತಿಂದುಹಾಕುತ್ತದೆ.

ಈಗ ಐರನ್ನಿಗೆ ಬರೋಣ. ನಮ್ಮ ದೇಶದ ರಿಪೇರಿ ಅಂಗಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೋಲ್ಡ್ರಾನ್‌ನಂಥ 25 ವ್ಯಾಟ್‌ನ ಸಾದಾ ಐರನ್, ಮೊದಲ ವರ್ಷದ ಕಲಿಕೆಗೆ ಧಾರಾಳವಾಗಿ ಸಾಕು. ಅದರ ಮಿತಿಗಳನ್ನು ಮಾತ್ರ ತಿಳಿದಿರಬೇಕು. ಉಷ್ಣತೆಯನ್ನು ನಿಯಂತ್ರಿಸುವ ವ್ಯವಸ್ಥೆ ಇಲ್ಲದಿರುವುದರಿಂದ ಸುಮ್ಮನೆ ಇಟ್ಟಾಗ ಅತಿಯಾಗಿ ಕಾದು ತುದಿ ಕಪ್ಪಾಗುತ್ತದೆ, ಪಿಸಿಬಿಯ ಅಗಲವಾದ ಗ್ರೌಂಡ್ ತಾಮ್ರಕ್ಕೆ ತಾಗಿಸಿದ ಕೂಡಲೇ ತಣ್ಣಗಾಗುತ್ತದೆ. ಹಿಡಿಯಲ್ಲಿ ತಿರುಗಿಸುವ ಗುಂಡಿ ಇರುವ ಅಗ್ಗದ 60 ವ್ಯಾಟ್ ಐರನ್‌ಗಳು ಇದಕ್ಕೆ ಪರಿಹಾರದಂತೆ ಕಂಡರೂ, ಅವುಗಳಲ್ಲಿ ಹಲವು ತುದಿಯ ಉಷ್ಣತೆಯನ್ನು ಅಳೆಯುವುದೇ ಇಲ್ಲ, ಒಳಗೆ ಹೋಗುವ ವಿದ್ಯುತ್ತನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತವೆ. ಗುಂಡಿಯ ಸುತ್ತ ಬರೆದಿರುವ ಅಂಕಿಗಳನ್ನು ನಂಬಿ ದುಡ್ಡು ಕೊಡಬೇಡಿ.

ಹವ್ಯಾಸ ಗಟ್ಟಿಯಾದ ಮೇಲೆ ನಡುವಿನ ಮೆಟ್ಟಿಲುಗಳನ್ನು ಬಿಟ್ಟು, ನಿಜವಾದ ಉಷ್ಣತಾ ನಿಯಂತ್ರಣವಿರುವುದಕ್ಕೇ ಹೋಗುವುದು ಲೇಸು. ಜಪಾನಿನ ಹಾಕೊ ಸಂಸ್ಥೆಯ 936 ಸ್ಟೇಷನ್ನಿನ ಮಾದರಿಯಲ್ಲಿ ಬಂದಿರುವ ಅಗ್ಗದ ಸ್ಟೇಷನ್‌ಗಳು, ಅಂದರೆ ಐರನ್ನಿಗೆ ಬೇರೆಯೇ ನಿಯಂತ್ರಣ ಪೆಟ್ಟಿಗೆ ಇರುವಂಥವು, ಒಂದು ದಾರಿ. ಅವುಗಳಿಗೆ 900ಎಂ ಸರಣಿಯ ತುದಿಗಳು ಸುಲಭವಾಗಿ ದೊರೆಯುವುದು ದೊಡ್ಡ ಅನುಕೂಲ. ಪೈನ್64 ಸಂಸ್ಥೆಯ ಪೈನ್‌ಸಿಲ್ ಇನ್ನೊಂದು ದಾರಿ. ಇದು ಯುಎಸ್‌ಬಿ-ಸಿ ಚಾರ್ಜರಿನಿಂದ ನಡೆಯುವ ಪೆನ್ನಿನ ಗಾತ್ರದ ಐರನ್. ಬೆಂಗಳೂರಿನ ಅನೇಕ ಮನೆಗಳಲ್ಲಿ 65 ವ್ಯಾಟ್‌ನ ಯುಎಸ್‌ಬಿ-ಸಿ ಲ್ಯಾಪ್‌ಟಾಪ್ ಚಾರ್ಜರ್ ಹೇಗೂ ಇರುವುದರಿಂದ ವಿದ್ಯುತ್ ಪೂರೈಕೆಗೆ ಬೇರೆ ಖರ್ಚಿಲ್ಲ, ಕೋಣೆಯಲ್ಲಿ ಜಾಗವೂ ಉಳಿಯುತ್ತದೆ. ಯಾವುದನ್ನು ಕೊಂಡರೂ ಸೂಜಿಯಂಥ ತುದಿಯ ಬದಲು ಉಳಿಯಂತೆ ಚಪ್ಪಟೆಯಾದ, ಎರಡು ಮಿಲಿಮೀಟರ್ ಅಗಲದ ತುದಿಯನ್ನು ಹಾಕಿಕೊಳ್ಳಿ. ಸ್ಪರ್ಶಿಸುವ ಜಾಗ ಹೆಚ್ಚಿದಷ್ಟೂ ಶಾಖ ಬೇಗ ದಾಟುತ್ತದೆ. ಸೀಸವಿರುವ ತಂತಿಗೆ 320ರಿಂದ 350 ಡಿಗ್ರಿ ಇಟ್ಟುಕೊಂಡರೆ ಸಾಮಾನ್ಯ ಕೆಲಸಗಳೆಲ್ಲ ನಡೆಯುತ್ತವೆ.

ಅರ್ತಿಂಗ್ ವಿಷಯವನ್ನು ಬಹಳ ಜನ ಕಡೆಗಣಿಸುತ್ತಾರೆ. ಎರಡು ಪಿನ್ನಿನ ಐರನ್‌ಗಳ ತುದಿಯಲ್ಲಿ ಸೋರುವ ವಿದ್ಯುತ್ ಸೂಕ್ಷ್ಮವಾದ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್‌ಗಳನ್ನು ಹಾಳುಮಾಡಬಲ್ಲದು. ಮೂರು ಪಿನ್ನಿನದನ್ನೇ ಕೊಂಡು, ಪ್ಲಗ್ ಕಿತ್ತು ಐರನ್ ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ತುದಿಗೂ ಅರ್ತ್ ಪಿನ್ನಿಗೂ ನಡುವೆ ಸಂಪರ್ಕವಿದೆಯೇ ಎಂದು ನೋಡಿ. ಪೈನ್‌ಸಿಲ್‌ನ ಹಿಂತುದಿಯಲ್ಲಿ ಅರ್ತ್ ತಂತಿ ಕಟ್ಟಲೆಂದೇ ಒಂದು ಸ್ಕ್ರೂ ಇದೆ. ಬಾಡಿಗೆ ಕೋಣೆಯ ಸಾಕೆಟ್ಟಿಗೆ ಅರ್ತ್ ತಂತಿಯನ್ನೇ ಎಳೆಯದಿದ್ದರೆ ಇವೆಲ್ಲ ವ್ಯರ್ಥ, ಆದ್ದರಿಂದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅದನ್ನೂ ಪರೀಕ್ಷಿಸಿಕೊಳ್ಳಿ.

ಉಳಿದ ಸಾಮಾನುಗಳ ಪಟ್ಟಿ ದೊಡ್ಡದಲ್ಲ. ಮಗುಚಿಬೀಳದಷ್ಟು ಭಾರವಾದ ಸ್ಟ್ಯಾಂಡ್, ತುದಿ ಒರೆಸಲು ಹಿತ್ತಾಳೆಯ ಸುರುಳಿ, ತಪ್ಪಾದ ಬೆಸುಗೆಯನ್ನು ಹೀರಲು ಒಂದು ಪಂಪ್ ಮತ್ತು ತಾಮ್ರದ ಹೆಣಿಗೆಯ ವಿಕ್ ಇದ್ದರೆ ಆಯಿತು. ತುದಿಗೆ ಉಪ್ಪುಕಾಗದ ಮುಟ್ಟಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕರಗಿದ ತವರ ತಾಮ್ರವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಒಳ್ಳೆಯ ತುದಿಗಳ ತಾಮ್ರದ ಮೇಲೆ ಕಬ್ಬಿಣದ ತೆಳುಲೇಪ ಕೊಟ್ಟಿರುತ್ತಾರೆ. ಆ ಲೇಪವನ್ನು ಒಮ್ಮೆ ಉಜ್ಜಿ ತೆಗೆದರೆ ತುದಿಯಲ್ಲಿ ಗುಳಿ ಬೀಳಲು ಹೆಚ್ಚು ದಿನ ಬೇಡ. ಕೆಲಸ ಮುಗಿಸಿ ಸ್ವಿಚ್ ಆರಿಸುವ ಮುನ್ನ ತುದಿಗೆ ಧಾರಾಳವಾಗಿ ಬೆಸುಗೆ ಸವರಿ ಬಿಡಿ, ಆರಿದ ಬೆಸುಗೆಯೇ ಅದನ್ನು ಗಾಳಿಯಿಂದ ಕಾಪಾಡುತ್ತದೆ.

ಕೆಲಸದ ವೇಳೆ ಏಳುವ ಹೊಗೆ ಮುಖ್ಯವಾಗಿ ರೋಸಿನ್ನಿನದು, ಅದು ಆಸ್ತಮಾಕ್ಕೆ ಕಾರಣವಾಗಬಲ್ಲದು. ಪಿ.ಜಿ.ಯ ಮುಚ್ಚಿದ ಕೋಣೆಯಲ್ಲಿ ಕುಳಿತು ಮಾಡುವವರು ಕಿಟಕಿ ತೆರೆದು, ಹೊಗೆಯನ್ನು ಮುಖದಿಂದಾಚೆ ಎಳೆಯುವಂತೆ ಒಂದು ಸಣ್ಣ ಫ್ಯಾನ್ ಇಟ್ಟುಕೊಳ್ಳಬೇಕು. ಸೀಸ ದೇಹ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಊಟದ ಮೇಜಿನ ಮೇಲೆ ಬೆಸುಗೆ ಹಾಕುವುದು ಬೇಡ, ಎದ್ದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ, ಕತ್ತರಿಸಿ ಬಿದ್ದ ತಂತಿಯ ಚೂರುಗಳನ್ನು ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿ ಹಾಕಿಡಿ.