ಮೈಲುತುತ್ತಿನ ತಾಮ್ರ ಎಲ್ಲಿಯದು?

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಒಂದೇ ಗಡಿಬಿಡಿ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿಗೆ ಹೋದರೂ ಕೊಳೆರೋಗಕ್ಕೆ ಮದ್ದು ಬಿಡುವ ಮಾತು. ಒಂದು ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಆ ಡ್ರಮ್ಮಿನಲ್ಲಿ ಮುಖ್ಯವಾಗಿ ಇರುವುದು ಐದು ಮೂಲವಸ್ತುಗಳು. ತಾಮ್ರ, ಗಂಧಕ, ಕ್ಯಾಲ್ಸಿಯಂ, ಆಮ್ಲಜನಕ, ಜಲಜನಕ. ತಾಮ್ರ ಗಣಿಯಿಂದ ಬಂತು, ಸರಿ. ಆದರೆ ಆ ಗಣಿಗೆ, ಈ ಭೂಮಿಗೆ ಅದು ಎಲ್ಲಿಂದ ಬಂತು?

ಐದರಲ್ಲಿ ಜಲಜನಕ ಮಾತ್ರ ವಿಶ್ವ ಹುಟ್ಟಿದ ಕಾಲದ್ದು, ಸುಮಾರು 1380 ಕೋಟಿ ವರ್ಷ ಹಳೆಯದು. ಉಳಿದ ನಾಲ್ಕೂ ನಕ್ಷತ್ರಗಳಲ್ಲಿ ತಯಾರಾದವು. ಇದನ್ನು ಪುರಾವೆ ಸಮೇತ ಜೋಡಿಸಿ ಜಗತ್ತಿನ ಮುಂದಿಟ್ಟವರು ನಾಲ್ವರು. ಆ ನಾಲ್ವರಲ್ಲಿ ಮೊದಲ ಹೆಸರು ಮಾರ್ಗರೆಟ್ ಬರ್ಬಿಜ್ ಎಂಬ ಮಹಿಳೆಯದು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅವರ ಮೇಲೆ ನನಗೆ ತುಂಬಾ ಅಭಿಮಾನ. ಇವತ್ತು ಅವರ ಕೆಲಸದ ಬಗ್ಗೆಯೇ ಮಾತಾಡುತ್ತೇನೆ.

ಮಾರ್ಗರೆಟ್ ಹುಟ್ಟಿದ್ದು 1919ರಲ್ಲಿ, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಓದಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. 1939ರಲ್ಲಿ ಪದವಿ ಮುಗಿಯಿತು, ಅದೇ ವರ್ಷ ಮಹಾಯುದ್ಧ ಶುರುವಾಯಿತು. ಬಾಂಬಿನ ಭಯದಿಂದ ಲಂಡನ್ನಿನಲ್ಲಿ ರಾತ್ರಿ ದೀಪ ಹಚ್ಚುವ ಹಾಗಿರಲಿಲ್ಲ. ಊರೆಲ್ಲ ಕತ್ತಲು. ನಕ್ಷತ್ರ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಆಕಾಶ ಬೇಕಾ? ಮಿಲ್ ಹಿಲ್ ಎಂಬಲ್ಲಿನ ವೀಕ್ಷಣಾಲಯವನ್ನು ಅವರು ನೋಡಿಕೊಂಡರು. 1943ರಲ್ಲಿ ಪಿಎಚ್‌ಡಿ ಪಡೆದರು.

ಅವರು ರಾತ್ರಿಯಿಡೀ ಮಾಡುತ್ತಿದ್ದ ಕೆಲಸ ಏನು ಎಂದು ಸ್ವಲ್ಪ ಹೇಳಬೇಕು. ಟೆಲಿಸ್ಕೋಪಿಗೆ ಕಣ್ಣಿಟ್ಟು ಸುಮ್ನೆ ನೋಡುವುದಲ್ಲ. ನಕ್ಷತ್ರದ ಬೆಳಕನ್ನು ಒಂದು ಸಣ್ಣ ಕಿಂಡಿಯಲ್ಲಿ ಹಾಯಿಸಿ, ಬಣ್ಣಬಣ್ಣವಾಗಿ ಬಿಡಿಸಿ, ಫೋಟೋ ಫಲಕದ ಮೇಲೆ ಬೀಳಿಸಬೇಕು. ಹೀಗೆ ಬಿಡಿಸಿದ ಬೆಳಕಿಗೆ ರೋಹಿತ ಎನ್ನುತ್ತೇವೆ. ಅದರಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಸೋಡಿಯಂ ಇದ್ದರೆ ಹಳದಿ ಭಾಗದಲ್ಲಿ ಹತ್ತಿರ ಹತ್ತಿರ ಎರಡು ಗೆರೆ. ಕ್ಯಾಲ್ಸಿಯಂ ಇದ್ದರೆ ನೇರಳೆ ಭಾಗದಲ್ಲಿ ಎರಡು ದಪ್ಪ ಗೆರೆ. ಯಾವ ಗೆರೆ ಎಷ್ಟು ದಪ್ಪ ಎಂದು ಅಳೆದರೆ ಆ ನಕ್ಷತ್ರದಲ್ಲಿ ಯಾವ ವಸ್ತು ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ. ಮಂಕಾದ ನಕ್ಷತ್ರವಾದರೆ ಒಂದು ಫಲಕಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ನಕ್ಷತ್ರ ಕಿಂಡಿಯಿಂದ ಆಚೀಚೆ ಹೋಗದಂತೆ ಕಾಯಬೇಕು. 1944ರ ಆಗಸ್ಟಿನ ಒಂದು ರಾತ್ರಿ ಹತ್ತಿರದಲ್ಲೇ ಹಾರುಬಾಂಬುಗಳು ಬಿದ್ದವು. ಟೆಲಿಸ್ಕೋಪ್ ಅಲುಗಿತು, ನಕ್ಷತ್ರ ಕಿಂಡಿಯಿಂದ ತಪ್ಪಿತು. ಅವರು ಅದನ್ನು ಮತ್ತೆ ಹುಡುಕಿ, ಕಿಂಡಿಗೆ ತಂದು, ಕೆಲಸ ಮುಂದುವರಿಸಿದರು.

ಯುದ್ಧ ಮುಗಿದ ಮೇಲೆ ಅಮೆರಿಕದ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಿದರು. ಅದು ಸಿಕ್ಕಿದರೆ ಮೌಂಟ್ ವಿಲ್ಸನ್‌ನಲ್ಲಿ ಕೆಲಸ. ಆಗಿನ ದೊಡ್ಡ ಟೆಲಿಸ್ಕೋಪ್ ಇದ್ದದ್ದು ಅಲ್ಲಿಯೇ. ಉತ್ತರ ಬಂತು: ಆ ವೀಕ್ಷಣಾಲಯ ಗಂಡಸರಿಗೆ ಮಾತ್ರ. ಅರ್ಹತೆ ಸಾಲದು ಎಂದಲ್ಲ, ಹೆಂಗಸು ಎಂಬ ಒಂದೇ ಕಾರಣ. ಎದುರು ಗೋಡೆ ಬಂದರೆ ಸುತ್ತು ಹಾಕಿ ಹೋಗುವ ದಾರಿ ಹುಡುಕಬೇಕು ಎಂಬುದು ಮಾರ್ಗರೆಟ್ ಅವರ ನಿಲುವು. ಆ ದಾರಿ ಸಿಗಲು ಹತ್ತು ವರ್ಷ ಹಿಡಿಯಿತು. 1955ರಲ್ಲಿ ಅವರ ಗಂಡ ಜೆಫ್ರಿ ಬರ್ಬಿಜ್ ಅವರಿಗೆ ಅಂಥದೇ ಫೆಲೋಶಿಪ್ ಸಿಕ್ಕಿತು. ಜೆಫ್ರಿ ಕಾಗದ ಪೆನ್ನಿನ ಸಿದ್ಧಾಂತದವರು. ಟೆಲಿಸ್ಕೋಪ್ ಗೊತ್ತಿದ್ದದ್ದು ಮಾರ್ಗರೆಟ್‌ಗೆ. ದಾಖಲೆಯಲ್ಲಿ ಜೆಫ್ರಿ ವೀಕ್ಷಕರು, ಮಾರ್ಗರೆಟ್ ಅವರ ಸಹಾಯಕಿ. ಉಳಿದವರ ವಸತಿಯಲ್ಲಿ ಅವರಿಗೆ ಜಾಗವಿಲ್ಲ. ಬೇರೆ ಒಂದು ಸಣ್ಣ ಮನೆಯಲ್ಲಿ ಇರಬೇಕು, ಊಟ ತಾವೇ ಮಾಡಿಕೊಳ್ಳಬೇಕು. ಇದೆಲ್ಲ ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಇಷ್ಟರಲ್ಲಿ ದೊಡ್ಡ ಪ್ರಶ್ನೆಯೊಂದು ಎಲ್ಲರ ಮುಂದಿತ್ತು. ಮೂಲವಸ್ತುಗಳೆಲ್ಲ ವಿಶ್ವದ ಆರಂಭದಲ್ಲೇ ಆದವೋ, ಅಥವಾ ನಕ್ಷತ್ರಗಳು ಅವನ್ನು ಈಗಲೂ ಮಾಡುತ್ತಿವೆಯೋ? 1952ರಲ್ಲಿ ಪಾಲ್ ಮೆರಿಲ್ ಎಂಬವರು ಕೆಲವು ಕೆಂಪು ನಕ್ಷತ್ರಗಳ ರೋಹಿತದಲ್ಲಿ ಟೆಕ್ನೀಶಿಯಂ ಗೆರೆಗಳನ್ನು ಕಂಡರು. ಟೆಕ್ನೀಶಿಯಂ ಉಳಿಯುವ ವಸ್ತುವಲ್ಲ. ಅದರಲ್ಲಿ ಅತಿ ಹೆಚ್ಚು ಕಾಲ ಬಾಳುವ ಬಗೆ ಕೂಡ ಸುಮಾರು 42 ಲಕ್ಷ ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ನಕ್ಷತ್ರಗಳೋ ಅದಕ್ಕಿಂತ ಎಷ್ಟೋ ಪಾಲು ಹಳೆಯವು. ಹುಟ್ಟುವಾಗ ಇದ್ದ ಟೆಕ್ನೀಶಿಯಂ ಯಾವತ್ತೋ ಮುಗಿದಿರಬೇಕಿತ್ತು. ಇದೆ ಎಂದರೆ ನಕ್ಷತ್ರದ ಒಳಗೇ ಹೊಸದಾಗಿ ಆಗುತ್ತಿದೆ ಎಂದರ್ಥ. ಇಷ್ಟು ನೇರವಾದ ಪುರಾವೆ ವಿಜ್ಞಾನದಲ್ಲಿ ಅಪರೂಪ.

ಬರ್ಬಿಜ್ ದಂಪತಿಗೆ ಫ್ರೆಡ್ ಹಾಯ್ಲ್, ವಿಲಿಯಂ ಫೌಲರ್ ಜೊತೆಯಾದರು. ಹಾಯ್ಲ್ ಸಿದ್ಧಾಂತಿ. ಫೌಲರ್ ಪ್ರಯೋಗಾಲಯದಲ್ಲಿ ಪರಮಾಣು ಬೀಜಗಳನ್ನು ಡಿಕ್ಕಿ ಹೊಡೆಸಿ ಅಳೆಯುವವರು. ನಕ್ಷತ್ರಗಳಲ್ಲಿ ನಿಜವಾಗಿ ಏನಿದೆ ಎಂಬ ಲೆಕ್ಕ ಮಾರ್ಗರೆಟ್ ಅವರ ಫಲಕಗಳಿಂದ ಬರಬೇಕಿತ್ತು. ಎಚ್‌ಡಿ 46407 ಎಂಬ ನಕ್ಷತ್ರದಲ್ಲಿ ಬೇರಿಯಂ ಮುಂತಾದ ಭಾರದ ವಸ್ತುಗಳು ವಾಡಿಕೆಗಿಂತ ಬಹಳ ಜಾಸ್ತಿ ಇರುವುದನ್ನು ದಂಪತಿ ಒಂದೊಂದೇ ಗೆರೆ ಅಳೆದು ತೋರಿಸಿದರು. ನಾಲ್ವರ ಪ್ರಬಂಧ 1957ರ ಅಕ್ಟೋಬರಿನಲ್ಲಿ ಪ್ರಕಟವಾಯಿತು, ನೂರಕ್ಕೂ ಹೆಚ್ಚು ಪುಟ. ಆ ಬರವಣಿಗೆ ನಡೆಯುವ ಕಾಲದಲ್ಲೇ, 1956ರಲ್ಲಿ, ಮಾರ್ಗರೆಟ್‌ಗೆ ಮಗಳು ಹುಟ್ಟಿದಳು.

ಪ್ರಬಂಧದ ತಿರುಳು ಹೀಗೆ. ತೂಕದ ನಕ್ಷತ್ರಗಳಲ್ಲಿ ಜಲಜನಕ ಸೇರಿ ಹೀಲಿಯಂ, ಹೀಲಿಯಂ ಸೇರಿ ಇಂಗಾಲ, ಆಮ್ಲಜನಕ, ಹಾಗೇ ಮುಂದೆ ಗಂಧಕ, ಕ್ಯಾಲ್ಸಿಯಂ, ಕೊನೆಗೆ ಕಬ್ಬಿಣ. ಕಬ್ಬಿಣಕ್ಕೆ ಬಂದಾಗ ಶಕ್ತಿ ಹುಟ್ಟುವುದು ನಿಲ್ಲುತ್ತದೆ. ನಡುವಿನ ಉಂಡೆ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ. ಹೊರಗಿನ ಪದರಗಳು ಸಿಡಿದು ಚೆಲ್ಲುತ್ತವೆ. ಇದು ಸೂಪರ್‌ನೋವಾದ ಒಂದು ಬಗೆ. ನಮಗೆ ಆರಿದ್ರಾ ಮಳೆ ಗೊತ್ತು ಅಲ್ವಾ? ಆ ಆರಿದ್ರಾ ನಕ್ಷತ್ರ ಇಂಥ ಅಂತ್ಯದ ಕಡೆಗೇ ಹೋಗುತ್ತಿದೆ, ಆದರೆ ಅದಕ್ಕೆ ಇನ್ನೂ ಸಾವಿರಾರು ವರ್ಷ ಹಿಡಿಯಬಹುದು.

ಕಬ್ಬಿಣಕ್ಕಿಂತ ಭಾರದವು ಹೇಗಾದವು? ಪರಮಾಣು ಬೀಜಗಳು ನ್ಯೂಟ್ರಾನ್ ಎಂಬ, ವಿದ್ಯುತ್ ಇಲ್ಲದ ಕಣಗಳನ್ನು ನುಂಗಿ ನುಂಗಿ. ಅದರಲ್ಲಿ ಎರಡು ಬಗೆ. ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗದಲ್ಲಿ ನೀರು ಜಿನುಗಿ ಜಿನುಗಿ ತೊಟ್ಟಿ ತುಂಬುವ ಹಾಗೆ, ವರ್ಷಗಟ್ಟಲೆ ಬಿಡುವು ಕೊಟ್ಟು ಒಂದೊಂದೇ ನ್ಯೂಟ್ರಾನ್ ಸೇರುವುದು ಒಂದು. ಆಟಿ ತಿಂಗಳಲ್ಲಿ ಹೊಳೆ ಉಕ್ಕಿ ಬಂದ ಹಾಗೆ ಕ್ಷಣದಲ್ಲಿ ರಾಶಿ ರಾಶಿ ನ್ಯೂಟ್ರಾನ್ ನುಗ್ಗುವುದು ಇನ್ನೊಂದು. ಬೇರಿಯಂ ಹೆಚ್ಚಾಗಿ ನಿಧಾನದ ದಾರಿಯದು, ಚಿನ್ನ ಮತ್ತು ಯುರೇನಿಯಂ ವೇಗದ ದಾರಿಯವು. ಮೈಲುತುತ್ತಿನ ತಾಮ್ರದ ದೊಡ್ಡ ಪಾಲು ತೂಕದ ನಕ್ಷತ್ರಗಳಲ್ಲಿ, ಅವು ಸಿಡಿಯುವ ಮೊದಲೇ, ನಿಧಾನದ ದಾರಿಯಲ್ಲಿ ಆದದ್ದು ಎಂದು ಈಗ ತಿಳಿದಿದೆ.

ಎಲ್ಲವೂ ಅವರು ಹೇಳಿದಂತೆಯೇ ಉಳಿಯಲಿಲ್ಲ. 1937ರಲ್ಲಿ ಕಂಡ ಒಂದು ಸೂಪರ್‌ನೋವಾದ ಬೆಳಕು ಸುಮಾರು 55 ದಿನಕ್ಕೊಮ್ಮೆ ಅರ್ಧವಾಗುತ್ತಾ ಇಳಿದಿತ್ತು. ಹೈಡ್ರೋಜನ್ ಬಾಂಬ್ ಪರೀಕ್ಷೆಯ ಅವಶೇಷದಲ್ಲಿ ಸಿಕ್ಕಿದ್ದ ಕ್ಯಾಲಿಫೋರ್ನಿಯಂ-254 ಎಂಬ ಅತಿ ಭಾರದ ವಸ್ತು ಕೂಡ ಹೆಚ್ಚುಕಡಿಮೆ ಅದೇ ವೇಗದಲ್ಲಿ ಕ್ಷಯಿಸುತ್ತದೆ. ಅದೇ ಕಾರಣ ಇರಬೇಕು ಎಂದು ಅವರ ಗುಂಪು ಹೇಳಿತು. ಒಳ್ಳೆಯ ಊಹೆ, ಆದರೆ ನಿಲ್ಲಲಿಲ್ಲ. ಸಿಡಿತದಲ್ಲಿ ಹುಟ್ಟುವುದು ನಿಕಲ್-56. ಅದು ಕೆಲವೇ ದಿನಗಳಲ್ಲಿ ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್ 77 ದಿನಕ್ಕೆ ಅರ್ಧದಂತೆ ಕಬ್ಬಿಣ ಆಗುತ್ತದೆ. ಬೆಳಕು ಬರುವುದು ಇದರಿಂದ. 1987ರಲ್ಲಿ ನಮ್ಮ ಪಕ್ಕದ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಾಗ ಆ ಕೋಬಾಲ್ಟಿನ ಗಾಮಾ ಕಿರಣಗಳೇ ಉಪಗ್ರಹಕ್ಕೆ ಸಿಕ್ಕಿದವು. ನಮ್ಮ ಮುರಕಲ್ಲಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣ, ಬೇಕಲ ಕೋಟೆಯ ಗೋಡೆಯ ಕಬ್ಬಿಣ, ಬಹುಪಾಲು ಒಂದು ಕಾಲದಲ್ಲಿ ನಿಕಲ್ ಆಗಿ ಹುಟ್ಟಿ, ಕೋಬಾಲ್ಟ್ ಆಗಿ, ಆಮೇಲೆ ಕಬ್ಬಿಣವಾದದ್ದು.

ಮುಂದಿನ ಕಥೆ ಬೇಗ ಹೇಳುತ್ತೇನೆ. 1962ರಲ್ಲಿ ಇಬ್ಬರೂ ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯ ಸೇರಿದರು. ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರಬಾರದು ಎಂಬ ನಿಯಮದಿಂದ ಮಾರ್ಗರೆಟ್‌ಗೆ ರಸಾಯನಶಾಸ್ತ್ರ ವಿಭಾಗದಲ್ಲಿ ಕುರ್ಚಿ. 1972ರಲ್ಲಿ ಗ್ರೀನಿಚ್ ವೀಕ್ಷಣಾಲಯದ ನಿರ್ದೇಶಕಿಯಾದರು. ಆ ಹುದ್ದೆಯ ಜೊತೆ ಅದುವರೆಗೆ ಬರುತ್ತಿದ್ದ ರಾಜ ಖಗೋಳಜ್ಞ ಎಂಬ ಬಿರುದನ್ನು ಅವರಿಗೆ ಕೊಡದೆ ಬೇರೆಯವರಿಗೆ ಕೊಟ್ಟರು. ಹೆಂಗಸರಿಗೆ ಮಾತ್ರ ಇದ್ದ ಒಂದು ಪ್ರಶಸ್ತಿಯನ್ನು ಅವರು ಬೇಡವೆಂದರು. ಹೆಣ್ಣು ಎಂದು ಹೊರಗಿಡುವುದೂ ತಪ್ಪು, ಹೆಣ್ಣು ಎಂದು ಬೇರೆ ಪಂಕ್ತಿ ಹಾಕುವುದೂ ತಪ್ಪು ಎಂಬುದು ಅವರ ವಾದ. 1976ರಲ್ಲಿ ಅಮೆರಿಕದ ಖಗೋಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು.

1983ರ ನೊಬೆಲ್ ಬಂದದ್ದು ನಾಲ್ವರಲ್ಲಿ ಫೌಲರ್ ಅವರಿಗೆ ಮಾತ್ರ, ನಮ್ಮ ಚಂದ್ರಶೇಖರ್ ಅವರ ಜೊತೆ. ಫೌಲರ್ ದೊಡ್ಡವರು, ಅನುಮಾನವಿಲ್ಲ. ಆದರೆ ನಕ್ಷತ್ರದಲ್ಲಿ ಏನಿದೆ ಎಂದು ರಾತ್ರಿಗಟ್ಟಲೆ ಕೂತು ಅಳೆದು ಕೊಟ್ಟವರು ಇಲ್ಲದಿದ್ದರೆ ಆ ಲೆಕ್ಕಗಳನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಅಳೆದವರ ಕೆಲಸ ಲೆಕ್ಕ ಹಾಕಿದವರ ಕೆಲಸಕ್ಕಿಂತ ಕಡಿಮೆಯದಲ್ಲ ಎಂದೇ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ.

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸಿಡಿದ ನಕ್ಷತ್ರಗಳ ಕುಸಿದು ಉಳಿದ ನಡುವಿನ ಉಂಡೆಗಳು, ಡಿಕ್ಕಿಯಾದದ್ದು ಗುರುತ್ವ ಅಲೆಗಳಿಂದ ಗೊತ್ತಾಯಿತು. ವೇಗದ ದಾರಿ ಇಂಥ ಡಿಕ್ಕಿಗಳಲ್ಲೂ ನಡೆಯುತ್ತದೆ ಎಂದು ಅಲ್ಲಿಂದ ಬಂದ ಬೆಳಕು ತೋರಿಸಿತು. ಆಗ ಮಾರ್ಗರೆಟ್‌ಗೆ 98 ವರ್ಷ. 2020ರ ಏಪ್ರಿಲಿನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಪ್ಲಸ್ ಟು ಓದುವ ಮಕ್ಕಳು ಕೇಳುತ್ತಿದ್ದರೆ ಅವರಿಗೆ ಒಂದು ವಿಷಯ. ಈ ಕೆಲಸ ನಮ್ಮ ದೇಶದಲ್ಲೂ ನಡೆಯುತ್ತಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದಿಂದ. ಹೊಸ ಸೂಪರ್‌ನೋವಾಗಳ ರೋಹಿತ ತೆಗೆಯುವುದು ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು. ಅಲ್ಲಿಗೆ ಹೋಗಲು ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೊಳ್ಳಿ. ಎಂಎಸ್ಸಿಗೆ ನಮ್ಮ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಭೌತಶಾಸ್ತ್ರ ಇದೆ. ಆಮೇಲೆ ಪಿಎಚ್‌ಡಿಗೆ ಜೆಸ್ಟ್‌ನಂಥ ಒಂದು ಪ್ರವೇಶ ಪರೀಕ್ಷೆ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಎಂದು ಹಿಂಜರಿಯಬೇಡಿ. ಗಣಿತ ಮಾತ್ರ ಈಗಿನಿಂದಲೇ ದಿನಾ ಮಾಡಿ.

ನಮಸ್ಕಾರ.